ಕಮಿಟಿಯ ಮುಂದೆ ಬಸವಣ್ಣ

ಕಾಸಾರಶಿರಸಿಯ ಬಜಾರದಲ್ಲಿ ನಮ್ಮ ಕಾಳಿನ ಅಂಗಡಿ ಇದ್ದ ಕಾಲದ ಮಾತು. ಆಗ ನಿಜಾಮರ ಆಳಿಕೆ. ಹೈದರಾಬಾದಿನಲ್ಲಿ ಕಾಯದೆ ಮಾಡುವ ಒಂದು ಸಭೆ ಇದೆ ಎಂದು ನಾವು ಕೇಳಿದ್ದೆವು. ಅದನ್ನು ಕಣ್ಣಾರೆ ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಆ ಸಭೆ ಆರಿಸಿ ಕಳಿಸಿದ ಮೂವರ ಕಮಿಟಿಯೊಂದು ನಮ್ಮ ಸೀಮೆಗೆ ಬಂದು ಜನರ ಸಾಕ್ಷಿ ಕೇಳಿತು. ಸಾಕ್ಷಿ ಹೇಳಿದವರಲ್ಲಿ ನಾನೊಬ್ಬ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಮಾಡಿ ಹೇಳುವುದು ಎಷ್ಟು ಕಷ್ಟ ಎಂಬುದು ನನಗೆ ತಿಳಿದದ್ದು ಅಲ್ಲಿ. ಇಲ್ಲಿಯೂ ಹಾಗೆಯೇ ಬೇರೆ ಮಾಡಿ ಬರೆಯಲು ನೋಡುತ್ತೇನೆ.

ಮೊದಲು ನಮ್ಮ ದೊಡ್ಡವ್ವನ ವಿಷಯ. ಆಕೆ ನನ್ನ ತಾಯಿಯ ಅಕ್ಕ. ದಾಳಿಂಬದಲ್ಲಿ ಅವರ ಮನೆ, ಹೊಲ, ದನ. ದೊಡ್ಡಪ್ಪ ಹಾಸಿಗೆ ಹಿಡಿದಾಗ ಅವರ ಕೊಟ್ಟಿಗೆಯಲ್ಲಿ ಒಂದು ಬಿಳಿಯ ಹೋರಿಗರು ಹುಟ್ಟಿತ್ತು. ಅದನ್ನು ಬಸವಣ್ಣನ ಹೆಸರಲ್ಲಿ ಬಿಟ್ಟುಬಿಡಬೇಕು ಎಂದು ಅವರು ಹೆಂಡತಿಯಿಂದ ಮಾತು ತೆಗೆದುಕೊಂಡರು. ಅವರು ಲಿಂಗೈಕ್ಯರಾದ ಮೇಲೆ ದೊಡ್ಡವ್ವ ಆ ಮಾತು ನಡೆಸಿದಳು. ಅದನ್ನು ನಾನು ನೋಡಿದ್ದೇನೆ. ಊರ ಅಯ್ಯನವರು ಬಂದಿದ್ದರು, ಪಂಚರು ಬಂದಿದ್ದರು. ಕರುವಿನ ತೊಡೆಯ ಮೇಲೆ ತ್ರಿಶೂಲದ ಬರೆ ಹಾಕಿದರು. ದೊಡ್ಡವ್ವ ಅದರ ಕಾಲಿಗೆ ನೀರು ಹಾಕಿ, "ಇವತ್ತಿನಿಂದ ಇಂವಾ ನಮ್ಮಂವಾ ಅಲ್ಲ, ಶಿವನಂವಾ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಹಾಗೆ ಬಿಟ್ಟ ಗೂಳಿಯನ್ನು ಯಾರೂ ಕಟ್ಟುವಂತಿಲ್ಲ, ಹೂಡುವಂತಿಲ್ಲ, ಹೊಡೆಯುವಂತಿಲ್ಲ. ಬಿಟ್ಟವರಿಗೆ ಇನ್ನೂ ಒಂದು ಕಟ್ಟುಪಾಡು ಹೆಚ್ಚು: ಅವರು ಅದನ್ನು ಎಂದಿಗೂ ನಮ್ಮದು ಎನ್ನಬಾರದು. ನಮ್ಮದು ಅಂದರೆ ಕೊಟ್ಟದ್ದನ್ನು ತಿರುಗಿ ಉಂಡ ಹಾಗೆ. ಆ ಕರು ಬೆಳೆದು ಎತ್ತರದ ಗೂಳಿಯಾಗಿ, ಒಮ್ಮೊಮ್ಮೆ ದೊಡ್ಡವ್ವನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಆಗ ಆಕೆ ಅಯ್ಯನವರು ಭಿಕ್ಷೆಗೆ ಬಂದರೆ ಹೇಗೋ ಹಾಗೆ ಸೆರಗು ಸರಿ ಮಾಡಿಕೊಂಡು ರೊಟ್ಟಿ ನೀಡಿ, ಕೈ ಮುಗಿದು ಒಳಗೆ ಹೋಗುತ್ತಿದ್ದಳು. ಮೈ ತಡವಿದ್ದನ್ನು ನಾನು ನೋಡಿಲ್ಲ.

ಸಂತೆಯ ದಿನ ಗೂಳಿ ದಾಳಿಂಬದಿಂದ ಕಾಸಾರಶಿರಸಿಗೆ ಬರುತ್ತಿತ್ತು. ಸಂತೆ ಯಾವ ದಿನ ಎಂಬುದು ಅದಕ್ಕೆ ಹೇಗೆ ತಿಳಿಯುತ್ತಿತ್ತೋ ನಾನು ಹೇಳಲಾರೆ. ಜೋಳದ ರಾಶಿಗಳ ನಡುವೆ ನಿಧಾನವಾಗಿ ನಡೆದು, ಯಾವುದೋ ಒಂದು ರಾಶಿಗೆ ಬಾಯಿ ಹಾಕುವುದು. ಅದು ತಿಂದ ರಾಶಿಗೆ ಅಂದು ಒಳ್ಳೆಯ ಗಿರಾಕಿ ಎಂದು ನಂಬಿಕೆ. ತಿನ್ನದೆ ಮುಂದೆ ಹೋದರೆ ಅಂಗಡಿಕಾರರ ಮುಖ ಸಣ್ಣದಾಗುತ್ತಿತ್ತು.

ಹೀಗಿರುವಾಗ ಬಿಡಾಡಿ ದನಗಳ ಮಸೂದೆ ಬಂತು. ಮಾಲೀಕನಿಲ್ಲದೆ ತಿರುಗುವ ಪ್ರಾಣಿಗಳನ್ನು ಹಿಡಿದು ಕೊಂಡವಾಡಕ್ಕೆ, ಎಂದರೆ ಸರಕಾರದ ದೊಡ್ಡಿಗೆ, ಹಾಕುವುದು, ಬಿಡಿಸಿಕೊಳ್ಳಲು ಯಾರೂ ಬರದಿದ್ದರೆ ಲಿಲಾವು ಮಾಡುವುದು, ಇದು ಅದರ ಸಾರ. ಕಾಯದೆ ಆಗುವ ಮೊದಲು ಕಮಿಟಿ ಊರೂರಿಗೆ ಹೋಗಿ ರೈತರನ್ನು ವಿಚಾರಿಸಬೇಕು ಎಂದಾಯಿತು. ಕಮಿಟಿ ಬರುವುದಕ್ಕೆ ಮುಂಚೆ ನಿಲಂಗಾದ ತಹಶೀಲಿಗೆ ಒಂದು ಹುಕುಂ ಬಂತಂತೆ: ಮಸೂದೆಯಲ್ಲಿ ಹೇಳಿದಂಥ ಪ್ರಾಣಿಯ ಒಂದು ನಮೂನೆಯನ್ನು ವಿಚಾರಣೆಯ ಹೊತ್ತಿಗೆ ಹಾಜರು ಇಡತಕ್ಕದ್ದು. ಶಹರದ ಸಾಹೇಬರು ಬಿಡಾಡಿ ದನವನ್ನು ಎಂದೂ ಹತ್ತಿರದಿಂದ ನೋಡಿರಲಿಲ್ಲವೆಂದು ಕಾಣುತ್ತದೆ.

ತಹಶೀಲಿನವರು ಹುಡುಕಲು ಹೊರಟರು. ಅಲ್ಲಿ ಒಂದು ತೊಡಕು ಎದ್ದಿತು. ಯಾವ ಎಮ್ಮೆಯನ್ನು ಹಿಡಿದರೂ ಹಿಂದಿನಿಂದ ಒಬ್ಬ ಹೆಂಗಸು ಬೈಯುತ್ತ ಓಡಿ ಬರುವಳು. ಯಾವ ಕತ್ತೆಯ ಕಿವಿ ಹಿಡಿದರೂ ಅಗಸನೊಬ್ಬ ಎಲ್ಲಿಂದಲೋ ಪ್ರತ್ಯಕ್ಷ. ನೋಡಲು ಬಿಡಾಡಿಯಂತಿದ್ದ ಪ್ರತಿಯೊಂದಕ್ಕೂ ಒಬ್ಬ ಮಾಲೀಕ ಇದ್ದ. ಕೊನೆಗೆ ಇಡೀ ತಾಲೂಕಿನಲ್ಲಿ ಕೇಳುವವರೇ ಇಲ್ಲದ್ದು ಎಂದು ಅವರಿಗೆ ಸಿಕ್ಕಿದ್ದು ಬಸವಣ್ಣ ಒಬ್ಬನೆ. ಕೊಂಡವಾಡದ ಜವಾನ ಸಂತೆಗೆ ಬಂದು ಬೆಲ್ಲದ ಉಂಡೆ ತೋರಿಸುತ್ತ ಮುಂದೆ ಮುಂದೆ ನಡೆದ. ಗೂಳಿ ಹಿಂದೆ ಹಿಂದೆ ಹೋಯಿತು. ಇದನ್ನು ನಾನು ನಮ್ಮ ಅಂಗಡಿಯ ಕಟ್ಟೆಯಿಂದ ನೋಡಿದೆ.

ಸುದ್ದಿ ಮುಟ್ಟಿದ ಕೂಡಲೆ ದೊಡ್ಡವ್ವ ಗಾಡಿ ಕಟ್ಟಿಸಿಕೊಂಡು ಅಂಗಡಿಗೆ ಬಂದಳು. ಕೆಳಗೆ ಇಳಿಯದೆ ಗಾಡಿಯಲ್ಲಿ ಕೂತೇ ಕೇಳಿದಳು.

"ಬಸವಣ್ಣಗ ಕೊಂಡವಾಡದಾಗ ಹಾಕ್ಯಾರಂತ. ಖರೇ ಏನು?"

"ಖರೇ ಅದ ದೊಡ್ಡವ್ವಾ."

"ನೀ ನೋಡಿದಿ?"

"ನೋಡ್ದೆ. ಬೆಲ್ಲ ತೋರ್ಸಿ ಕರ್ಕೊಂಡ ಹೋದ್ರು."

"ನೋಡಕೋತ ನಿಂತಿ?"

"ಸರಕಾರದ ಜವಾನ ಇದ್ದ. ಅಂವಗ ನಾ ಏನ್ ಹೇಳ್ಲಿ?"

"ಅಂವಗ್ಯಾಕ ಹೇಳ್ತಿ? ಬಸವಣ್ಣಗ ಹೇಳಬೇಕಿತ್ತು, ಹೋಗಬ್ಯಾಡ್ರೀ ಯಪ್ಪಾ ಅಂತ."

ಮನೆಯಲ್ಲಿ ಉರ್ದು ಕಲಿತವನು ನಾನೊಬ್ಬನೆ. ಹೀಗಾಗಿ ಕಚೇರಿಯ ಕೆಲಸವೆಲ್ಲ ನನ್ನ ತಲೆಗೆ ಬರುತ್ತಿತ್ತು.

"ನಿಲಂಗಾಕ್ಕ ಹೋಗಿ ಬಿಡಸ್ಕೊಂಡ ಬಾ" ಎಂದಳು ದೊಡ್ಡವ್ವ. "ಆದ್ರ ನಮ್ಮದು ಅನಬ್ಯಾಡ."

"ನಮ್ಮದು ಅನಲಾರ್ದೆ ಅವ್ರು ಬಿಡಂಗಿಲ್ಲ."

"ಅಂದ್ರ ಬಿಡಸ್ಬ್ಯಾಡ."

"ಹಂಗಾದ್ರ ಲಿಲಾವ್ ಮಾಡ್ತಾರ."

"ಲಿಲಾವ್ ಮಾಡಸಗೊಡಬ್ಯಾಡ" ಎಂದು ಹೇಳಿ ಗಾಡಿ ತಿರುಗಿಸಿಕೊಂಡು ಹೋದಳು.

ನಿಲಂಗಾದಲ್ಲಿ ನಾನು ಮೊದಲು ಕಂಡದ್ದು ಉದಗೀರದ ಒಬ್ಬ ಗುತ್ತೇದಾರನನ್ನು. ಕಲ್ಲು ಸಾಗಿಸುವ ಬಂಡಿಗಳು ಅವನವು. ಕೊಂಡವಾಡದ ಗೋಡೆಯ ಮೇಲಿಂದ ಬಗ್ಗಿ ಗೂಳಿಯ ಹೆಗಲನ್ನು ಕೈಯಿಂದ ಅಳೆಯುತ್ತಿದ್ದ. ವಿಚಾರಣೆ ಮುಗಿದ ಕೂಡಲೆ ಲಿಲಾವು ಎಂದು ಯಾರೋ ಅವನಿಗೆ ಹೇಳಿದ್ದರು. "ಬೀಜಾ ಒಡ್ಸಿ ಬಂಡಿಗಿ ಹೂಡಿದ್ರ ಎರಡ ಎತ್ತಿನ ಕೆಲ್ಸ ಒಬ್ಬಂವನೇ ಮಾಡ್ತಾನ ನೋಡ್ರಿ" ಎಂದು ನನಗೇ ಹೇಳಿದ. ದೊಡ್ಡವ್ವನ ಮುಂದೆ ಈ ಮಾತನ್ನು ನಾನು ಎಂದೂ ಆಡಲಿಲ್ಲ.

ಕಮಿಟಿಯ ಪೇಶಕಾರ, ಎಂದರೆ ಕಾಗದಪತ್ರ ನೋಡುವವನು, ಮುಂಚಿತವಾಗಿ ಬಂದಿದ್ದ. ತೆಳ್ಳಗಿನ ಶಹರದ ಮನುಷ್ಯ. ಬೆವರು ಬಂದರೂ ಶೇರವಾನಿಯ ಒಂದು ಗುಂಡಿಯನ್ನೂ ಬಿಚ್ಚುತ್ತಿರಲಿಲ್ಲ. ನಾನು ಉರ್ದುವಿನಲ್ಲಿ ನಮ್ರವಾಗಿ, ಈ ಗೂಳಿಯನ್ನು ಬಿಡಬೇಕು ಎಂದೆ.

"ನಿಮ್ಮದೇ?" ಎಂದು ಕೇಳಿದ.

"ಅಲ್ಲ."

"ಯಾರದು ಎಂದು ಗೊತ್ತೇ?"

"ಗೊತ್ತು."

"ಹಾಗಾದರೆ ನೀವು ಸಾಕ್ಷಿ" ಎಂದು ನನ್ನ ಹೆಸರು ಬರೆದುಕೊಂಡ. ಯಾರದು ಎಂದು ಮಾತ್ರ ಕೇಳಲಿಲ್ಲ. ಅದನ್ನು ಕಮಿಟಿ ಕೇಳಬೇಕಂತೆ, ಅವನು ಕೇಳುವಂತಿಲ್ಲವಂತೆ.

ವಿಚಾರಣೆಯ ದಿನ ಚಾವಡಿಯ ಅಂಗಳದಲ್ಲಿ ಜಮಖಾನ ಹಾಸಿ ಮೂರು ಕುರ್ಚಿ ಇಟ್ಟರು. ಒಂದು ಬದಿಗೆ ಸಾಕ್ಷಿದಾರರು, ಇನ್ನೊಂದು ಬದಿಗೆ ಬಸವಣ್ಣ. ಹಿಂದೆ ಒಲೆ ಹೂಡಿ ಕಮಿಟಿಯ ಅಡಿಗೆಯವನು ಬೆಳಗಿನಿಂದ ಮೂವರು ಸಾಹೇಬರಿಗಾಗಿ ಬೇಯಿಸುತ್ತಿದ್ದ. ಎಲ್ಲ ಸಿದ್ಧವಿತ್ತು, ಕಮಿಟಿ ಬರಲಿಲ್ಲ. ಹೊತ್ತು ಏರಿತು. ಪೇಶಕಾರ ತನ್ನ ತಾರೀಖುಪಟ್ಟಿ ತೆಗೆದು ನೋಡಿದ. ಅದರ ಪ್ರಕಾರ ವಿಚಾರಣೆ ಆ ದಿನ ಆ ಸ್ಥಳದಲ್ಲಿ ನಡೆಯಲೇಬೇಕು. ನಡೆಯದಿದ್ದರೆ ಮುಂದಿನದೆಲ್ಲ ರದ್ದಾಗುತ್ತದೆ. ಆದ್ದರಿಂದ ಅವನು ಖಾಲಿ ಕುರ್ಚಿಗಳ ಮುಂದೆ ನಿಂತು ಸಲಾಮು ಮಾಡಿ, ವಿಚಾರಣೆ ಆರಂಭವಾಯಿತು ಎಂದು ಹೇಳಿದ. ಒಬ್ಬೊಬ್ಬರ ಹೆಸರು ಕೂಗಿದ. ನಾವು ಎದ್ದು ನಿಂತು ಹಾಜರ್ ಎಂದೆವು. ಪ್ರಶ್ನೆ ಕೇಳುವವರು ಇಲ್ಲವಾದ್ದರಿಂದ ಕೂತುಕೊಂಡೆವು. ಕೊನೆಗೆ ಅವನು ಗೂಳಿಯ ಕಡೆ ತಿರುಗಿ "ನಮೂನೆ, ಹಾಜರ್" ಎಂದು ತಾನೇ ಹೇಳಿ ಬರೆದುಕೊಂಡು, ಕುರ್ಚಿಗಳ ಅಪ್ಪಣೆ ಪಡೆದು ವಿಚಾರಣೆ ಮುಂದಕ್ಕೆ ಹಾಕಿದ.

ನನ್ನ ಪಕ್ಕ ಕೂತಿದ್ದ ಮುದುಕ ರೈತ ನನ್ನ ಕಿವಿಯಲ್ಲಿ, "ಕುರ್ಚಿ ಭಾಳ ಶಾಣ್ಯಾ ಅವ ನೋಡೋ ತಮ್ಮಾ. ಏನೂ ತಪ್ಪ ಮಾತಾಡಲಿಲ್ಲ" ಎಂದ.

ಮಧ್ಯಾಹ್ನ ಉದಗೀರದಿಂದ ಕುದುರೆಯ ಸವಾರನೊಬ್ಬ ಬಂದ. ತಾರೀಖುಪಟ್ಟಿ ಬದಲಾಗಿದೆ, ಕಮಿಟಿ ಹಿಂದಿನ ದಿನವೇ ನೇರವಾಗಿ ಉದಗೀರಕ್ಕೆ ಹೋಗಿದೆ ಎಂದು ತಿಳಿಯಿತು. ಸಾಹೇಬರು ಅವನನ್ನು ಕಳಿಸಿದ್ದು ಅಡಿಗೆಯವನು ಎಲ್ಲಿ ಎಂದು ಕೇಳಲು. ಪೇಶಕಾರ ಎಲ್ಲಿ ಎಂದು ಅವರು ಕೇಳಿರಲಿಲ್ಲ. ಇದರಿಂದ ಪೇಶಕಾರನ ಮುಖ ಕಪ್ಪಾಯಿತು.

ನಮೂನೆ ಇಲ್ಲದೆ ವಿಚಾರಣೆ ಇಲ್ಲ. ಆದ್ದರಿಂದ ಗೂಳಿಯೂ ಉದಗೀರಕ್ಕೆ ಹೊರಟಿತು. ಮುಂದೆ ಅಡಿಗೆಯವನ ಗಾಡಿ, ಅದರ ಹಿಂದೆ ಪೇಶಕಾರನ ಟಾಂಗಾ, ಅದರ ಹಿಂದೆ ಜವಾನ ಹಗ್ಗ ಹಿಡಿದ ಬಸವಣ್ಣ, ಕೊನೆಗೆ ನಾನು. ದಾರಿಯ ಹಳ್ಳಿಗಳಲ್ಲಿ ಜನ ಈ ಮೆರವಣಿಗೆ ಏನೆಂದು ತಿಳಿಯದೆ, ತಿಳಿದಷ್ಟಕ್ಕೆ ಕೈ ಮುಗಿದರು. ಹೆಣ್ಣುಮಕ್ಕಳು ತಂಬಿಗೆ ತಂದು ಗೂಳಿಯ ಕಾಲಿಗೆ ನೀರು ಹಾಕಿದರು, ಹಣೆಗೆ ವಿಭೂತಿ ಹಚ್ಚಿದರು. ಹಗ್ಗ ಹಿಡಿದವನೂ ದೊಡ್ಡ ಪುಣ್ಯವಂತನಿರಬೇಕೆಂದು ಜವಾನನ ಕಾಲಿಗೂ ನೀರು ಬಿತ್ತು.

"ಮನ್ಯಾಗ ನಮ್ಮಾಕಿ ಕುಡೀಲಾಕ ನೀರ್ ಕೊಡಂಗಿಲ್ರೀ" ಎಂದು ಅವನು ನನಗೆ ಹೇಳಿದ. "ಇಲ್ಲಿ ನೋಡ್ರಿ, ಕಾಲ್ ತೊಳೀಲಾಕತ್ತಾರ. ಈ ಕಮಿಟಿ ಹಿಂಗೇ ತಿರಗಲಿ."

ಮಾಂಜ್ರಾ ನದಿಯಲ್ಲಿ ನೀರು ಮೊಣಕಾಲಷ್ಟಿತ್ತು. ನಡುನೀರಿನಲ್ಲಿ ಬಸವಣ್ಣ ನಿಂತುಬಿಟ್ಟ. ಜವಾನ ಹಗ್ಗ ಎಳೆಯಲು ಹೆದರಿದ. ಪೇಶಕಾರ ಆಚೆ ದಡದಿಂದ, ಉದಗೀರದಲ್ಲಿ ಸಾಹೇಬರು ಕಾಯುತ್ತಿದ್ದಾರೆ ಎಂದು ಕೂಗಿದ. ಜವಾನ ಗೂಳಿಯ ಕಿವಿಯ ಹತ್ತಿರ ಬಗ್ಗಿ ಅದನ್ನೇ ಕನ್ನಡದಲ್ಲಿ ಹೇಳಿದ. ಗೂಳಿ ಉಚ್ಚೆ ಹೊಯ್ದು, ತನಗೆ ಮನಸ್ಸು ಬಂದಾಗ ದಾಟಿತು.

ಉದಗೀರದಲ್ಲಿ ಕಮಿಟಿಯನ್ನು ಮೊದಲ ಸಲ ಕಂಡೆ. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು. ಎಲ್ಲರೂ ಅವರನ್ನು ಸದರ ಸಾಹೇಬರು ಎನ್ನುತ್ತಿದ್ದರು. ಬಿಳಿಯ ಗಡ್ಡದ ವೃದ್ಧರು. ಬಾತುಕೊಂಡ ಒಂದು ಕಾಲನ್ನು ಮೂರು ಕಾಲಿನ ತಿವಾಯಿಯ ಮೇಲೆ ಇಟ್ಟಿದ್ದರು. ಎಡಕ್ಕೆ ಶಹರದ ವಕೀಲರೊಬ್ಬರು, ಎಲ್ಲ ಪ್ರಶ್ನೆ ಅವರದೇ. ಬಲಕ್ಕೆ ಒಬ್ಬ ಜಹಗೀರದಾರರು. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೋ ವಿಚಾರವೋ ನಾನು ಹೇಳಲಾರೆ.

ನಮ್ಮನ್ನು ಮುಂದೆ ಕರೆಯಲಿಲ್ಲ. ತಾರೀಖುಪಟ್ಟಿಯಲ್ಲಿ ಆ ದಿನ ಆಡುಗಳದ್ದು ಎಂದು ಬರೆದಿತ್ತು. ಒಬ್ಬ ಮುದಿ ಕುರುಬನನ್ನು ಮುಂದೆ ನಿಲ್ಲಿಸಿದರು. ಅವನ ಮಾತನ್ನು ಒಬ್ಬರು ಉರ್ದುವಿಗೆ ತಿರುಗಿಸುತ್ತಿದ್ದರು. ನಿನ್ನ ಆಡು ಬೇರೆಯವರ ಹೊಲಕ್ಕೆ ಏಕೆ ಹೋಗುತ್ತದೆ ಎಂದು ವಕೀಲರು ಕೇಳಿದರು.

"ಹಸಿವ್ಯಾಗಿ ಹೋಗ್ತದ್ರೀ."

ನಿನ್ನ ಹೊಲದಲ್ಲಿಯೇ ಏಕೆ ಮೇಯುವುದಿಲ್ಲ?

"ನನಗ ಹೊಲಾ ಇಲ್ರೀ."

ಈ ಉತ್ತರ ಮಸೂದೆಯ ಯಾವ ಕಲಮಿಗೆ ಸೇರುತ್ತದೆ ಎಂದು ಕಮಿಟಿ ಬಹಳ ಹೊತ್ತು ಚರ್ಚಿಸಿತು. ಕೊನೆಗೆ ಯಾವುದಕ್ಕೂ ಸೇರದ ಕಾರಣ, ಅವನು ಏನೂ ಹೇಳಲಿಲ್ಲ ಎಂದು ಬರೆಯಿಸಿದರು. ಕುರುಬ ಪಾಪ, ಇನ್ನೊಮ್ಮೆ ಹೇಳಲಾ ಎಂದು ಕೇಳಿದ.

ಮರುದಿನ ಕೊಂಬಿನ ಪ್ರಾಣಿಗಳದ್ದು. ಅಂದು ನಮ್ಮ ಸರತಿ ಎಂದು ಹೋದೆವು. ವಕೀಲರು ಎದ್ದು ನಿಂತು, ಆಡಿಗೂ ಕೊಂಬು ಇರುತ್ತದೆ, ಹಾಗಾದರೆ ನಿನ್ನೆಯ ಆಡುಗಳನ್ನೂ ಇವತ್ತು ಸೇರಿಸಬೇಕೋ ಹೇಗೆ ಎಂದು ಆಕ್ಷೇಪ ತೆಗೆದರು. ಕುರುಬನನ್ನು ತಿರುಗಿ ಕರೆಯಿಸಲು ಆಳು ಓಡಿದ. ಕುರುಬ ಆಡುಗಳೊಂದಿಗೆ ಊರು ಬಿಟ್ಟಾಗಿತ್ತು. ಅವನು ಎಲ್ಲೆಲ್ಲಿ ಮೇಯಿಸುತ್ತಾನೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವನಿಗೆ ಹೊಲವಿರಲಿಲ್ಲ. ಆ ದಿನ ಹೀಗೆ ಹೋಯಿತು. ಅದರ ಮರುದಿನ ಶುಕ್ರವಾರ, ರಜೆ. ಶುಕ್ರವಾರದ ಆಚೆ ಕಮಿಟಿ ಉಮರಗಾದಲ್ಲಿರಬೇಕು.

"ಕೊಂಬಿನ ಪ್ರಾಣಿಗಳು ಇನ್ನು ಉಮರಗಾದಲ್ಲಿ" ಎಂದು ಪೇಶಕಾರ ಹೇಳಿದ. ಉದಗೀರದಲ್ಲಿ ಉಳಿದ ಎತ್ತು ಎಮ್ಮೆಗಳೆಲ್ಲ ಆ ಕ್ಷಣಕ್ಕೆ ಕೊಂಬು ಕಳೆದುಕೊಂಡವೇನೋ ಎಂಬ ಹಾಗಿತ್ತು ಅವನ ದನಿ.

ಮತ್ತೆ ಮಾಂಜ್ರಾ ದಾಟಿ, ನಿಲಂಗಾ, ಕಾಸಾರಶಿರಸಿ ಹಾದು ಉಮರಗಾಕ್ಕೆ ನಡೆದೆವು. ನಮ್ಮ ಬಜಾರದಲ್ಲಿ ವ್ಯಾಪಾರಿಗಳು ಎದ್ದು ನಿಂತು ಬಸವಣ್ಣನನ್ನು ಕಂಡರು. ಹಗ್ಗ ಇದ್ದ ಕಾರಣ ಅವನು ಯಾರ ರಾಶಿಗೂ ಬಾಯಿ ಹಾಕಲಿಲ್ಲ. ಇಡೀ ಬಜಾರಕ್ಕೆ ಸೂತಕ ಬಂದಂತಾಯಿತು. ಜವಾನನಿಗೂ ನಾಚಿಕೆಯಾಯಿತೆಂದು ತೋರುತ್ತದೆ, ಹಗ್ಗದ ತುದಿಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ನಡೆದ.

ಉಮರಗಾದ ಚಾವಡಿಯ ಅಂಗಳದಲ್ಲಿ ಒಂದು ಬೇವಿನ ಮರ. ಅದರ ನೆರಳಿನಲ್ಲಿ ಕಮಿಟಿ ಕೂತಿತು. ಸುತ್ತಲಿನ ಹಳ್ಳಿಗಳ ಜನ ಕಿಕ್ಕಿರಿದಿದ್ದರು. ದೊಡ್ಡವ್ವ ದಾಳಿಂಬದಿಂದ ಬಂದು ಹೆಂಗಸರ ಕಡೆ ನಿಂತಿದ್ದಳು. ಗುತ್ತೇದಾರನೂ ಬಂದಿದ್ದ, ತನ್ನದೇ ಹೊಸ ಹಗ್ಗದ ಸಿಂಬಿಯನ್ನು ಹೆಗಲಿಗೆ ಹಾಕಿಕೊಂಡು. ಆ ದಿನದ ಕೊನೆಗೆ ಲಿಲಾವು ಎಂದು ಹಿಂದಿನ ಸಂಜೆಯೇ ಡಂಗುರ ಹೊಡೆದಾಗಿತ್ತು.

ನನ್ನನ್ನು ಕರೆದರು. ಯಾವುದರ ಮೇಲೆ ಆಣೆ ಮಾಡುತ್ತೀರಿ ಎಂದು ಪೇಶಕಾರ ಕೇಳಿದ. ಅವನ ಹತ್ತಿರ ಕುರಾನ್ ಇತ್ತು, ಒಂದು ಗಿಂಡಿಯಲ್ಲಿ ಗಂಗಾಜಲ ಇತ್ತು. ನನ್ನದು ನನ್ನ ಎದೆಯ ಮೇಲಿದೆ ಎಂದು ಹೇಳಿ ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡೆ. ಅಂಗಡಿಯಲ್ಲಿ ದಿನಕ್ಕೆ ಎಷ್ಟು ಮಾತಾಡುತ್ತೇವೋ ಲೆಕ್ಕವಿಲ್ಲ. ಆದರೆ ಇಲ್ಲಿ ನಾನು ಆಡಿದ್ದು ಮಸೂದೆಗೆ ಸೇರುತ್ತದೆ, ಮಸೂದೆ ಕಾಯದೆಯಾಗುತ್ತದೆ, ಕಾಯದೆ ಎಲ್ಲ ಊರಿನ ಎಲ್ಲ ಬಸವಣ್ಣಗಳ ಮೇಲೆ ಬೀಳುತ್ತದೆ ಎಂದು ಹೊಳೆದು, ಒಂದೊಂದು ಮಾತನ್ನೂ ಕಾಳಿನಂತೆ ತೂಗಿ ಆಡಬೇಕೆಂದುಕೊಂಡೆ.

"ಈ ಪ್ರಾಣಿ ಯಾರದು?" ಎಂದರು ವಕೀಲರು.

"ಇದನ್ನು ಶಿವನಿಗೆ ಕೊಟ್ಟರು. ಕೊಟ್ಟದ್ದನ್ನು ನಾನು ನೋಡಿದ್ದೇನೆ."

"ಅದಕ್ಕೂ ಮೊದಲು?"

"ನಮ್ಮ ದೊಡ್ಡವ್ವನದಿತ್ತು."

"ಈಗಲೂ ಆಕೆಯದೇ ಎಂದು ಒಂದು ಮಾತು ಹೇಳಿ. ಈಗಲೇ ಬಿಡಿಸುತ್ತೇನೆ, ಎಲ್ಲರೂ ಮನೆಗೆ ಹೋಗೋಣ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ದೊಡ್ಡವ್ವನನ್ನು ನೋಡಿದೆ. ಆಕೆಗೆ ಉರ್ದು ಬರುತ್ತಿರಲಿಲ್ಲ, ಆದರೂ ಏನು ಕೇಳಿದರೆಂಬುದು ಅರ್ಥವಾಗಿತ್ತು. ತಲೆಯನ್ನು ಒಂದೇ ಸಲ ಅಡ್ಡ ಆಡಿಸಿದಳು.

"ಆಕೆಯದಲ್ಲ" ಎಂದೆ.

"ಸರಿ. ಮಾಲೀಕನಿಲ್ಲದ್ದು ಎಂದು ಬರೆಯಿರಿ."

"ಮಾಲೀಕ ಇಲ್ಲ ಎಂದು ನಾನು ಹೇಳಲಿಲ್ಲ, ಹುಜೂರ್."

ಪೇಶಕಾರ ಲೇಖನಿ ಎತ್ತಿ ಹಿಡಿದ. ಮಾಲೀಕನ ಹೆಸರು ಗೊತ್ತಿದ್ದು ಅವನು ಹಾಜರಿಲ್ಲದಿದ್ದರೆ ಮೂರು ಸಲ ಕೂಗಿಸಬೇಕು, ಬರದಿದ್ದರೆ ಮಾತ್ರ ಲಿಲಾವು ಎಂದು ನಿಯಮವನ್ನು ನೆನಪಿಸಿದ. ಕೂಗಲು ಹೆಸರಿನ ಜೊತೆ ಸಾಕಿನ, ಎಂದರೆ ಇರುವ ಊರು, ಬೇಕು.

"ಕೈಲಾಸ್ರೀ" ಎಂದು ಜನರ ನಡುವಿನಿಂದ ಒಬ್ಬ ಹೇಳಿದ.

"ಯಾವ ತಾಲೂಕು?" ಎಂದ ಪೇಶಕಾರ.

ಯಾರಿಗೂ ತಿಳಿಯಲಿಲ್ಲ. ದಾಳಿಂಬದಲ್ಲಿ ಈಶ್ವರನ ಗುಡಿ ಇದೆ ಎಂದು ಯಾರೋ ಹೇಳಿದರು. ಪೇಶಕಾರ ಸಮಾಧಾನದಿಂದ ಹಾಗೆಯೇ ಬರೆದುಕೊಂಡ. ಕೊಂಡವಾಡದ ಜವಾನ ಅಂಗಳದ ಬಾಗಿಲಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ಕೂಗಿದ:

"ಈಶ್ವರ, ಸಾಕಿನ ದಾಳಿಂಬ! ಹಾಜರ್ ಇದ್ದೀರೇನ್ರೀ?"

ಎರಡನೆಯ ಸಲ ಕೂಗುವಾಗ ಅವನ ದನಿ ಸಣ್ಣದಾಯಿತು. ಮೂರನೆಯ ಸಲ ಚಪ್ಪಲಿ ಬಿಟ್ಟು ಕೂಗಿದ. ರಸ್ತೆಯಲ್ಲಿ ಒಂದು ಹೇರುಗತ್ತೆ ಹೋಯಿತು, ಮತ್ತೆ ಯಾರೂ ಬರಲಿಲ್ಲ.

"ಅಂವಾ ಎಲ್ಲಾ ಕಡಿ ಇದ್ದಾನ್ರೀ" ಎಂದು ಒಬ್ಬ ಮುದುಕ ಸಿಟ್ಟಿನಿಂದ ಹೇಳಿದ. "ಹಾಜರ್ ಅಂತ ಬರಕೋರಿ."

"ಎಲ್ಲಾ ಕಡಿ ಇದ್ದಂವಗ ಕೂಗೂದ್ಯಾಕೋ ಕಾಕಾ?" ಎಂದ ಇನ್ನೊಬ್ಬ.

"ನಿನಗ ಕೂಗಲಾಕತ್ತಾರೇನು? ಬಾಯಿ ಮುಚ್ಚು."

ಜನ ನಕ್ಕರು. ವಕೀಲರು ನಗಲಿಲ್ಲ. ನನ್ನ ಕಡೆ ತಿರುಗಿ, "ನೀವು ಆಣೆಯ ಮೇಲಿದ್ದೀರಿ. ಮಾಲೀಕ ಇಲ್ಲಿ ಹಾಜರಿದ್ದಾನೆಯೇ?" ಎಂದು ಕೇಳಿದರು.

ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಇದ್ದಾನೆ ಎಂದರೆ ಕಾಣದ್ದನ್ನು ಕಂಡೆ ಎಂದಂತೆ. ಇಲ್ಲ ಎಂದರೆ ಕೈಯಲ್ಲಿ ಏನು ಹಿಡಿದು ಆಣೆ ಮಾಡಿದ್ದೆನೋ ಅದನ್ನೇ ಇಲ್ಲ ಎಂದಂತೆ, ಮತ್ತು ಗುತ್ತೇದಾರ ಆಗಲೇ ಹೆಗಲಿನ ಹಗ್ಗ ಇಳಿಸುತ್ತಿದ್ದ. "ನಾನು ಕಂಡಿಲ್ಲ, ಹುಜೂರ್. ಆದರೆ ಅವನು ಇಲ್ಲದಿರುವುದನ್ನೂ ಕಂಡಿಲ್ಲ" ಎಂದೆ. ಜಹಗೀರದಾರರು ಕಣ್ಣು ತೆರೆದು ನನ್ನನ್ನು ನೋಡಿ ತಿರುಗಿ ಮುಚ್ಚಿದರು.

ಅಲ್ಲಿಯವರೆಗೆ ಒಂದು ಮಾತೂ ಆಡದ ಸದರ ಸಾಹೇಬರು ದೊಡ್ಡವ್ವನನ್ನು ಮುಂದೆ ಕರೆಯಿಸಿದರು. ಆಕೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಂದು ನಿಂತಳು. ಅವರು ಕೇಳಿದ್ದನ್ನು ನಾನು ಕನ್ನಡದಲ್ಲಿ ಆಕೆಗೆ, ಆಕೆ ಹೇಳಿದ್ದನ್ನು ಉರ್ದುವಿನಲ್ಲಿ ಅವರಿಗೆ ಹೇಳುತ್ತಿದ್ದೆ.

ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳಬಹುದೇ ಎಂದು ಕೇಳಿದರು.

"ಉಗುಳಿದ್ದು ನೆಕ್ಕತಾರೇನ್ರೀ?"

ಇದನ್ನು ನಾನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಮಾರಬಹುದೇ ಎಂದು ಕೇಳಿದರು.

"ನಂದಲ್ಲದ್ದು ನಾ ಹ್ಯಾಂಗ ಮಾರ್ಲಿ?"

ನಿನ್ನ ಮಕ್ಕಳಿಗೆ ವಾರಸೆಯಾಗಿ ಬರುತ್ತದೆಯೇ ಎಂದು ಕೇಳಿದರು.

"ಶಿವನ ಆಸ್ತಿ ನನ್ನ ಮಕ್ಕಳಿಗಿ ಯಾಕ ಬರ್ತದ? ನಮ್ಮ ಮನ್ಯಾವ್ರು ಸಾಯೂ ಮುಂದ ಮಾತ ತಗೊಂಡಾರ. ನಂದು ಅಂದ್ರ ಅವ್ರ ಮಾತ ಹೋಗ್ತದ. ನೀವು ಮಾರಿದ್ರೂ ಹೋಗ್ತದ. ಈಗ ನೀವೇ ನೋಡ್ರಿ."

ಇದನ್ನು ನಾನು ಮೆತ್ತಗೆ ಮಾಡಲಿಲ್ಲ, ಇದ್ದ ಹಾಗೆಯೇ ಹೇಳಿದೆ. ಸದರ ಸಾಹೇಬರು ಬಾತಿದ ಕಾಲನ್ನು ತಿವಾಯಿಯಿಂದ ಕೆಳಗೆ ಇಟ್ಟು ಮುಂದಕ್ಕೆ ಬಾಗಿದರು.

"ಇದು ವಕ್ಫ" ಎಂದರು.

ಮುಸಲ್ಮಾನರಲ್ಲಿ ದೇವರಿಗೆಂದು ಬಿಟ್ಟುಕೊಟ್ಟ ಆಸ್ತಿಗೆ ಹಾಗೆನ್ನುತ್ತಾರೆ. ಅದನ್ನು ಕೊಟ್ಟವನು ಹಿಂದಕ್ಕೆ ಪಡೆಯುವಂತಿಲ್ಲ, ಮಾರುವಂತಿಲ್ಲ, ಮಕ್ಕಳಿಗೆ ಬಿಡುವ ಹಾಗೂ ಇಲ್ಲ. ಹೊಲ ನೋಡಿದ್ದೇನೆ, ಬಾವಿ ನೋಡಿದ್ದೇನೆ, ನಾಲ್ಕು ಕಾಲಿನ ವಕ್ಫವನ್ನು ಈ ವಯಸ್ಸಿನಲ್ಲಿ ನೋಡುತ್ತಿದ್ದೇನೆ ಎಂದು ಅವರು ಬಸವಣ್ಣನ ಕಡೆ ನೋಡಿದರು. ಬಸವಣ್ಣ ಕಮಿಟಿಯ ಜಮಖಾನದ ಅಂಚನ್ನು ಮೆಲ್ಲುತ್ತಿದ್ದ.

ವಕೀಲರು ಆಕ್ಷೇಪ ತೆಗೆದರು. ವಕ್ಫ ಎಂದ ಮೇಲೆ ಅದನ್ನು ನೋಡಿಕೊಳ್ಳುವವನು ಒಬ್ಬ ಇರಲೇಬೇಕು, ಅವನ ಹೆಸರು ಬೇಕು. ದೊಡ್ಡವ್ವ ಒಲ್ಲೆ ಎಂದಳು. ನೋಡಿಕೊಳ್ಳುವುದೆಂದರೆ ಅರ್ಧ ತನ್ನದೆಂದ ಹಾಗೆ. ಗುತ್ತೇದಾರ ಮುಂದೆ ಬಂದು, ತಾನು ನೋಡಿಕೊಳ್ಳುತ್ತೇನೆ ಎಂದು ಕೈ ಮುಗಿದ. ಜನ ಹೋ ಎಂದು ಕೂಗಿದರು.

"ಹಿಡಿದ ದಿನದಿಂದ ಇದಕ್ಕೆ ಮೇವು ಹಾಕಿದವರು ಯಾರು?" ಎಂದರು ಸದರ ಸಾಹೇಬರು.

"ಕಮಿಟಿ" ಎಂದ ಪೇಶಕಾರ. ಅವನಿಗೆ ಸುಳ್ಳು ಹೇಳುವ ಶಕ್ತಿಯೇ ಇರಲಿಲ್ಲ.

"ಹಾಗಾದರೆ ನೋಡಿಕೊಳ್ಳುವವರು ನಾವೇ. ಕಾಯದೆ ಮಾಡುವ ಸಭೆಯ ಕಮಿಟಿ ಎಂದು ಬರೆಯಿರಿ. ಕಮಿಟಿಯ ಹುಕುಂ ಹೀಗೆ: ಮುಂದಿನ ವಿಚಾರಣೆಯವರೆಗೆ ಪ್ರಾಣಿ ತನ್ನ ಇಷ್ಟ ಬಂದಲ್ಲಿ ಇರತಕ್ಕದ್ದು."

ಪೇಶಕಾರ ಬರೆದುಕೊಂಡು, ಮುಂದಿನ ವಿಚಾರಣೆಯ ದಿನಕ್ಕಾಗಿ ತಾರೀಖುಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕೊಂಬಿನ ಪ್ರಾಣಿಗಳಿಗೆ ಅದರಲ್ಲಿ ಇನ್ನು ಯಾವ ದಿನವೂ ಉಳಿದಿರಲಿಲ್ಲ. ಮುಂದೆ ಕತ್ತೆಗಳಿದ್ದವು. ದಿನ ಆಮೇಲೆ ತಿಳಿಸಲಾಗುವುದು ಎಂದು ಬರೆದ. ಆ ದಿನ ಯಾವುದೆಂದು ನನಗೆ ಯಾರೂ ತಿಳಿಸಲಿಲ್ಲ. ಮಸೂದೆ ಕಾಯದೆಯಾಯಿತೋ ಇಲ್ಲವೋ ಎಂಬುದನ್ನೂ ನಾನು ಕೇಳಿಲ್ಲ.

ಜವಾನ ಕೊರಳಿನ ಹಗ್ಗ ಬಿಚ್ಚಿದ. ಬಿಚ್ಚಿದ ಮೇಲೂ ಬಸವಣ್ಣ ನಿಂತೇ ಇದ್ದ. ಊರಿಂದ ಊರಿಗೆ ಕರೆದೊಯ್ದರೆ ಮಾತ್ರ ಹೋಗುವುದು ಅವನಿಗೆ ರೂಢಿಯಾಗಿಹೋಗಿತ್ತು.

"ಅವ್ವಾ, ನೀವೊಮ್ಮಿ ಕರೀರಿ" ಎಂದ ಜವಾನ ದೊಡ್ಡವ್ವನಿಗೆ. "ನಿಮ್ಮ ದನಿ ಕೇಳಿದ್ರ ಬರ್ತಾನ."

"ನಾ ಯಾಕ ಕರೀಲಿ? ಎಲ್ಲಿಗಿ ಕರೀಲಿ?" ಎಂದು ಆಕೆ ಕೈ ಮುಗಿದುಕೊಂಡು ನಿಂತಳು.

ಗೂಳಿ ಒಂದು ಹೆಜ್ಜೆ ಇಟ್ಟಿತು. ಮತ್ತೊಂದು ಇಟ್ಟಿತು. ಆಕೆಯ ಹತ್ತಿರ, ಸೆರಗು ತಾಗುವಷ್ಟು ಹತ್ತಿರ ಬಂದು, ನಿಲ್ಲದೆ, ಮೂಸಿ ಕೂಡ ನೋಡದೆ, ಆಕೆಯನ್ನು ದಾಟಿ ಬಾಗಿಲಿನಿಂದ ಹೊರಗೆ ಹೋಯಿತು. ರಸ್ತೆಗೆ ಬಂದು ದಾಳಿಂಬದ ಕಡೆಗೂ ಅಲ್ಲ, ಕಾಸಾರಶಿರಸಿಯ ಕಡೆಗೂ ಅಲ್ಲ, ಎದುರಿನ ಜೋಳದ ಹೊಲಕ್ಕೆ ಇಳಿಯಿತು.

"ಗುರ್ತ ಹಿಡೀಲಿಲ್ಲ ನೋಡು" ಎಂದಳು ದೊಡ್ಡವ್ವ ನನಗೆ. ಆ ದನಿಯಲ್ಲಿ ಇದ್ದದ್ದು ದುಃಖವೋ ಸಮಾಧಾನವೋ ನಾನು ಹೇಳಲಾರೆ. ನನಗೆ ಕೇಳಿಸಿದ್ದು ಮಾತಷ್ಟೆ. "ನನ್ನ ಗುರ್ತ ಒಟ್ಟ ಹಿಡೀಲಿಲ್ಲ. ನಮ್ಮ ಮನ್ಯಾವ್ರ ಮಾತ ಪೂರಾ ಆತು."

ಹೊಲದ ಕಡೆಯಿಂದ ಒಬ್ಬ ಗಂಡಸಿನ ದನಿ ಕೇಳಿಸಿತು. ಬೈಯುವ ಹಾಗಿಲ್ಲದ ಸಂಕಟ ಆ ದನಿಯಲ್ಲಿ ತುಂಬಿತ್ತು. "ಯಪ್ಪಾ, ಸಾಕ್ರೀ. ಮುಂದಿನ ಹೊಲಕ್ಕ ದಯಮಾಡಸ್ರಿ."